ಬಾಟಲಿ ಕರು ಗುಮ್ಮುತ್ತಿದೆಯಾ? ಯಾವುದನ್ನು ಮೊದಲು ನೋಡಬೇಕು

ತಾಯಿ ಸತ್ತ ಕರು, ತಾಯಿ ಸೇರಿಸದ ಕರು, ಕೆಚ್ಚಲು ಬಾವು ಬಂದ ಹಸುವಿನ ಕರು, ಯಾರೋ ಬೇಡವೆಂದು ಬಿಟ್ಟ ಗಂಡು ಕರು. ಬಾಟಲಿ ಹಿಡಿಯಬೇಕಾದ ಕಾರಣ ಯಾವುದಾದರೂ ಇರಲಿ, ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಎಲ್ಲರ ದೂರೂ ಒಂದೇ ಆಗುತ್ತದೆ. ಮೈಮೇಲೆ ಬೀಳುತ್ತೆ. ತೊಡೆಗೆ ಗುಮ್ಮುತ್ತೆ. ಸೆರಗು ಚೀಪುತ್ತೆ. ಬಾಗಿಲು ತೆಗೆದರೆ ನಮ್ಮನ್ನೇ ತಳ್ಳಿಕೊಂಡು ಆಚೆ ಬರುತ್ತೆ.

ನಮ್ಮದು ಮದ್ದೂರು ಕಡೆಯ ನಾಲೆ ಬಯಲು. ಕಬ್ಬು, ಭತ್ತ, ಜೊತೆಗೆ ನಾಲ್ಕೈದು ಸೀಮೆ ಹಸು. ಇದುವರೆಗೆ ಆರು ಕರುಗಳನ್ನು ನಾನು ಬಾಟಲಿಯಲ್ಲೇ ಸಾಕಿದ್ದೇನೆ. ಮೊದಲನೆಯದು ಗುಂಡ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಅನ್ನುವ ಸೀಮೆ ತಳಿಯ ಗಂಡು ಕರು. ಅವನು ಹುಟ್ಟಿದ ಮೂರನೇ ದಿನಕ್ಕೆ ತಾಯಿ ಹೋಯಿತು. ಮನೆಯವರೆಲ್ಲರಿಗೂ ಅವನ ಮೇಲೆ ಪ್ರಾಣ. ಮಗಳು ಅವನ ಹಣೆಗೆ ಅಂಗೈ ಕೊಟ್ಟು ತಳ್ಳಾಟ ಆಡುತ್ತಿದ್ದಳು. ನಾನು ಗದರಿದರೆ ನಮ್ಮತ್ತೆ, "ಮಗ ಇದ್ದಂಗದೆ ಬುಡವ್ವ, ಅದಕ್ಕೇನ್ ಗೊತ್ತಾದದು" ಅನ್ನುತ್ತಿದ್ದರು. ಎಂಟನೇ ತಿಂಗಳಲ್ಲಿ, ಒಂದು ಸಂಜೆ, ಬಾಟಲಿ ಇಲ್ಲದೆ ಬರಿಗೈಲಿ ಕೊಟ್ಟಿಗೆಗೆ ಹೋದ ಅದೇ ಅತ್ತೆಯನ್ನು ಅವನು ಕಲ್ಲುಕಂಬಕ್ಕೆ ಒತ್ತಿ ಹಿಡಿದ. ಎರಡು ಪಕ್ಕೆಲುಬು ಬಿರುಕು ಬಿಟ್ಟಿತು. ಗುಂಡನಿಗೆ ಸಿಟ್ಟಿರಲಿಲ್ಲ. ಎಂಟು ತಿಂಗಳು ನಾವು ಕಲಿಸಿದ್ದನ್ನೇ ಅವನು ಮಾಡಿದ. ಆಗ ಅವನು ನೂರೈವತ್ತು ಕೆಜಿ ಹತ್ತಿರ ಇದ್ದ, ಅಷ್ಟೇ ವ್ಯತ್ಯಾಸ.

ಆಮೇಲೆ ಸಾಕಿದ ಕರುಗಳಲ್ಲಿ ನಾನು ಕಂಡುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಕರು ಏನು ಮಾಡುತ್ತಿದೆಯೋ ಆ ಭಾಗ ತೆಗೆದು ಓದಿ. ಎಲ್ಲ ಕಡೆಯೂ ಖರ್ಚಿಲ್ಲದ ಪರೀಕ್ಷೆ ಮೊದಲು ಬರುತ್ತದೆ.

ಒಂದು ಮಾತು ಮಾತ್ರ ಮೊದಲೇ ಹೇಳಬೇಕು. ನಿನ್ನೆವರೆಗೆ ಸಾಧುವಾಗಿದ್ದ ಕರು ಇವತ್ತು ಇದ್ದಕ್ಕಿದ್ದಂತೆ ಕಂಡದ್ದಕ್ಕೆಲ್ಲ ಗುಮ್ಮುತ್ತಿದ್ದರೆ, ಜೊಲ್ಲು ಸುರಿಸುತ್ತಿದ್ದರೆ, ಹಾಲು ನುಂಗಲಾರದೆ ಒದ್ದಾಡುತ್ತಿದ್ದರೆ, ಬಾಯಿಗೆ ಕೈ ಹಾಕಬೇಡಿ. ಬೇರೆ ಭಾಗಗಳನ್ನು ಬಿಟ್ಟು "ಸ್ವಭಾವ ಇದ್ದಕ್ಕಿದ್ದಂತೆ ಬದಲಾದರೆ" ಅನ್ನುವ ಭಾಗಕ್ಕೆ ನೇರ ಹೋಗಿ.

ಬಾಟಲಿ ಕುಡಿಯುವಾಗ ಗುಮ್ಮುತ್ತದೆ

ಇದು ರೋಗವಲ್ಲ, ತಂಟೆಯೂ ಅಲ್ಲ. ತಾಯಿಯ ಕೆಚ್ಚಲಿಗೆ ಕರು ಗುಮ್ಮುವುದನ್ನು ನೋಡಿದ್ದೀರಿ ಅಲ್ವಾ? ಗುಮ್ಮಿದಾಗ ಹಸು ಸೊರೆ ಬಿಡುತ್ತದೆ, ಅಂದರೆ ಹಾಲು ಇಳಿಸುತ್ತದೆ. ಬಾಟಲಿಗೂ ಕರು ಅದನ್ನೇ ಮಾಡುತ್ತದೆ. ಎಳೆಗರು ಆಗೊಮ್ಮೆ ಈಗೊಮ್ಮೆ ಗುಮ್ಮಿದರೆ ಚಿಂತೆ ಬೇಡ. ಪ್ರತಿ ಗುಟುಕಿಗೂ ಗುಮ್ಮಿದರೆ, ಬಾಟಲಿ ಕೈ ತಪ್ಪುವಷ್ಟು ಜೋರಾಗಿ ಗುಮ್ಮಿದರೆ ಹಾಲು ಸರಿಯಾಗಿ ಬರುತ್ತಿಲ್ಲ ಎಂದು ಅರ್ಥ. ಕರುವನ್ನು ಬಿಟ್ಟು ಬಾಟಲಿಯನ್ನು ನೋಡಿ.

ಬಾಟಲಿ ತಲೆಕೆಳಗೆ ಹಿಡಿಯಿರಿ. ಹಾಲು ತೊಟ್ಟು ತೊಟ್ಟಾಗಿ ಬೀಳಬೇಕು. ಏನೂ ಬೀಳದಿದ್ದರೆ ತೂತು ಕಟ್ಟಿದೆ. ಹಾಲಿನ ಕೆನೆ ಒಣಗಿ ಒಳಗೆ ಅಂಟಿರುತ್ತದೆ. ಬಿಸಿನೀರಲ್ಲಿ ನೆನೆಸಿ ಉಜ್ಜಿದರೆ ಬಿಡುತ್ತದೆ. ಇನ್ನು ಕರು ಚೀಪುವಾಗ ನಿಪ್ಪಲ್ ಚಪ್ಪಟೆಯಾಗಿ ಅಂಟಿಕೊಳ್ಳುತ್ತಿದ್ದರೆ ಬಾಟಲಿ ಒಳಗೆ ಗಾಳಿ ಹೋಗುತ್ತಿಲ್ಲ. ಮುಚ್ಚಳವನ್ನು ಒಂದು ಕೂದಲೆಳೆಯಷ್ಟು ಸಡಿಲ ಮಾಡಿ. ನಮ್ಮ ಮೂರನೇ ಕರು ಹತ್ತು ದಿನ ನನ್ನ ಮೊಣಕಾಲು ನೋಯಿಸಿದ್ದು ಇದೊಂದೇ ಕಾರಣಕ್ಕೆ. ಮುಚ್ಚಳ ಸಡಿಲಿಸಿದ ದಿನವೇ ಗುಮ್ಮುವುದು ನಿಂತಿತು.

ಇದರ ಉಲ್ಟಾ ತಪ್ಪೇ ಹಳ್ಳಿಗಳಲ್ಲಿ ಜಾಸ್ತಿ. ಡೈರಿಗೆ ಹೊತ್ತಾಯಿತು, ಕ್ಯಾನು ತಗೊಂಡು ಓಡಬೇಕು ಅಂತ ಬ್ಲೇಡಿನಿಂದ ನಿಪ್ಪಲ್ ತೂತು ದೊಡ್ಡದು ಮಾಡುತ್ತೇವೆ. ಎರಡು ಲೀಟರ್ ಒಂದೇ ನಿಮಿಷದಲ್ಲಿ ಮುಗಿಯುತ್ತದೆ. ಹೊಟ್ಟೆ ತುಂಬುತ್ತದೆ, ಚೀಪುವ ಆಸೆ ತೀರುವುದಿಲ್ಲ. ಆ ಆಸೆ ನಿಮ್ಮ ಬಟ್ಟೆ, ಬೆರಳು, ಪಕ್ಕದ ಕರುವಿನ ಕಿವಿ ಹುಡುಕುತ್ತದೆ. ಹಾಲು ಧಾರೆಯಾಗಿ ಸುರಿದರೆ ಶ್ವಾಸನಾಳಕ್ಕೆ ಇಳಿಯುವ ಅಪಾಯವೂ ಇದೆ. ಹೊಸ ನಿಪ್ಪಲ್ ದೊಡ್ಡ ಖರ್ಚೇನಲ್ಲ. ಹರಿದದ್ದನ್ನು ಎಸೆದುಬಿಡಿ.

ಬಾಟಲಿ ಹಿಡಿಯುವ ಎತ್ತರವನ್ನೂ ನೋಡಿ. ಹಸುವಿನ ಕೆಚ್ಚಲು ಎಲ್ಲಿರುತ್ತದೋ ಅಲ್ಲಿ ಬಾಟಲಿ ಇರಬೇಕು. ಕರು ಕತ್ತು ಮುಂದಕ್ಕೆ ಚಾಚಿ, ಮೂತಿ ಸ್ವಲ್ಪ ಮೇಲೆತ್ತಿ ಕುಡಿಯಬೇಕು. ಆಕಾಶ ನೋಡುವ ಹಾಗೆ ತಲೆ ಎತ್ತಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಕುಡಿಯುವಾಗ ಕೆಮ್ಮಿದರೆ, ಮೂಗಿನಲ್ಲಿ ಹಾಲು ಬಂದರೆ ತಕ್ಷಣ ನಿಲ್ಲಿಸಿ. ಆಮೇಲೆ ಉಸಿರಾಟ ಜೋರಾಗಿದ್ದರೆ, ಕರು ಮಂಕಾಗಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ, ಮಾರನೆಯ ದಿನಕ್ಕೆ ಬಿಡಬೇಡಿ.

ಎಲ್ಲಕ್ಕಿಂತ ಒಳ್ಳೆಯ ಬದಲಾವಣೆ ಬಾಟಲಿಯನ್ನು ನಮ್ಮ ಕೈಯಿಂದ ತಪ್ಪಿಸುವುದು. ಕೊಟ್ಟಿಗೆಯ ಅಡ್ಡಗಳುವಿಗೆ ತಂತಿಯಿಂದ ಬಾಟಲಿ ಕೂರುವ ಒಂದು ಗೂಡು ಕಟ್ಟಿ. ಕರು ಆ ಕಡೆ, ನೀವು ಈ ಕಡೆ. ಗುಮ್ಮಿದರೆ ಗಳುವಿಗೆ ಗುಮ್ಮುತ್ತದೆ. ಎರಡು ಕಾಲಿನ ನಡುವೆ ಕರು ನಿಲ್ಲಿಸಿಕೊಂಡು ಕುಡಿಸುವುದು ಮೊದಲ ಎರಡು ಮೂರು ದಿನಕ್ಕೆ, ಚೀಪುವುದು ಕಲಿಯುವವರೆಗೆ ಸಾಕು. ಅದನ್ನೇ ಮುಂದುವರಿಸಿದರೆ ಹಾಲು ಬರುವುದು ಮನುಷ್ಯರ ತೊಡೆ ಸಂದಿಯಿಂದ ಎಂದು ಕರು ಕಲಿಯುತ್ತದೆ. ಮುಂದೆ ಹಸಿವಾದಾಗ ಅದು ಅಲ್ಲೇ ಬಂದು ಗುಮ್ಮುತ್ತದೆ.

ಹಾಲು ಮುಗಿದ ಮೇಲೂ ಬಿಡುವುದಿಲ್ಲ, ಚೀಪುತ್ತಲೇ ಇರುತ್ತದೆ

ಹಾಲಿನ ರುಚಿ ನಾಲಿಗೆಗೆ ಬಿದ್ದ ಮೇಲೆ ಚೀಪುವ ತವಕ ಸುಮಾರು ಹತ್ತು ನಿಮಿಷ ಇರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಈ ಹತ್ತು ನಿಮಿಷ ದಾಟಿಸುವುದೇ ಇಲ್ಲಿನ ಕೆಲಸ. ಬಾಟಲಿ ಖಾಲಿಯಾದ ಕೂಡಲೇ ಕಿತ್ತುಕೊಂಡು ಹೋಗುತ್ತೇವೆ, ಅಲ್ಲೇ ಎಡವುತ್ತೇವೆ.

ನಾನು ಮಾಡುವುದು ಹೀಗೆ. ಹಾಲು ಮುಗಿಯುತ್ತಲೇ ಬಾಯಿ ಒರೆಸಿ ಚಿಟಿಕೆ ಉಪ್ಪನ್ನು ಮೂತಿಗೆ ಸವರುತ್ತೇನೆ. ಕರು ಅದನ್ನು ನೆಕ್ಕುತ್ತಾ ಹಾಲಿನ ರುಚಿ ಮರೆಯುತ್ತದೆ. ಹದಿನೈದು ದಿನ ದಾಟಿದ ಕರುವಾದರೆ ಒಂದು ಹಿಡಿ ಕರುವಿನ ತಿಂಡಿಯನ್ನು ಬಾಯಿಗೆ ಇಡುತ್ತೇನೆ. ಮುಂದೆ ಎಳೆ ಹುಲ್ಲು ಕಟ್ಟುತ್ತೇನೆ. ಇನ್ನೊಂದು ನಿಪ್ಪಲನ್ನು ಕಂಬಕ್ಕೆ ಗಟ್ಟಿಯಾಗಿ ಬಿಗಿದು ಬಿಟ್ಟರೆ ಅದನ್ನೇ ಚೀಪಿಕೊಂಡು ಸುಮ್ಮನಾಗುತ್ತದೆ. ಆ ನಿಪ್ಪಲನ್ನು ದಿನಾ ತೊಳೆಯಬೇಕು.

ಎರಡು ಮೂರು ಕರು ಇದ್ದರೆ ಹಾಲು ಕುಡಿದ ಮೇಲೆ ಕಾಲು ಗಂಟೆ ಬೇರೆ ಬೇರೆ ಕಟ್ಟಿ. ಒಂದನ್ನೊಂದು ಚೀಪುವುದನ್ನು ಮುದ್ದು ಅಂದುಕೊಂಡು ಬಿಡಬೇಡಿ. ಹೊಕ್ಕುಳು ಚೀಪಿದರೆ ಹೊಕ್ಕುಳು ಬಾವು ಬರುತ್ತದೆ. ನಂಜು ಒಳಗೆ ಇಳಿದರೆ ಕೀಲು ಊದುತ್ತದೆ. ಹೆಣ್ಣು ಕರುವಿನ ಪುಟ್ಟ ಕೆಚ್ಚಲು ಚೀಪಿದರೆ ಅದು ಕಡಸಾಗಿ ಕರು ಹಾಕಿದಾಗ ಒಂದು ಮೊಲೆ ಕುರುಡಾಗಿರುವುದು ಉಂಟು. ಮೈ ನೆಕ್ಕಿ ನೆಕ್ಕಿ ಹೊಟ್ಟೆಯಲ್ಲಿ ಕೂದಲು ಉಂಡೆ ಕಟ್ಟುತ್ತದೆ. ಗಂಡು ಕರುವಿನ ಗಂಜಲ ಬರುವ ಜಾಗ ಚೀಪುವ ಚಟ ಹತ್ತಿದರೆ ಗಂಜಲವನ್ನೇ ಕುಡಿದು, ಮೇವಿನ ಆಸೆ ಕಳೆದುಕೊಂಡು ಸೊರಗುತ್ತದೆ. ಚೀಪಿಸಿಕೊಳ್ಳುವ ಜಾಗಕ್ಕೆ ಬೇವಿನೆಣ್ಣೆ ಸವರುವುದು ಎಲ್ಲರಿಗೂ ಗೊತ್ತು. ಅದು ಎರಡು ದಿನಕ್ಕೆ ಉಪಕಾರ. ಚೀಪಿಸುವ ಕಾರಣ ಹಾಗೇ ಉಳಿದಿರುತ್ತದೆ. ಬಾಯಿಗೆ ಕುಕ್ಕೆ ಹಾಕುವುದಾದರೆ ಆ ಹತ್ತಿಪ್ಪತ್ತು ನಿಮಿಷ ಮಾತ್ರ ಹಾಕಿ. ದಿನವೆಲ್ಲ ಹಾಕಿದರೆ ನೀರು ಮೇವು ತಪ್ಪುತ್ತದೆ.

ಹೊಕ್ಕುಳು ಬಿಸಿಯಾಗಿ ಊದಿದ್ದರೆ, ಕರು ಕುಂಟುತ್ತಿದ್ದರೆ ಮನೆ ಮದ್ದು ನಿಲ್ಲಿಸಿ. ಅದು ಪಶು ಆಸ್ಪತ್ರೆಯ ಕೆಲಸ.

ಹೊತ್ತಲ್ಲದ ಹೊತ್ತಲ್ಲಿ ಕೂಗುತ್ತದೆ, ಕಂಡವರ ಮೇಲೆಲ್ಲ ನುಗ್ಗುತ್ತದೆ

ಇದು ಹೆಚ್ಚಿನ ಸಲ ಹಸಿವು. ಹೇಳಲು ಕಷ್ಟವಾಗುತ್ತದೆ, ಆದರೂ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಬೆಳಿಗ್ಗೆ ಸಂಜೆ ಹಾಲು ಡೈರಿಗೆ ಹೋಗುತ್ತದೆ. ಮನೆ ಖರ್ಚು ಅದರಲ್ಲೇ ನಡೆಯುತ್ತದೆ. ಅಳತೆಯಲ್ಲಿ ಮೊದಲು ಕಡಿಮೆಯಾಗುವುದು ಕರುವಿನ ಪಾಲು, ಅದರಲ್ಲೂ ಗಂಡು ಕರುವಿನ ಪಾಲು. ಅದಕ್ಕೆ ಮಾತು ಬರುವುದಿಲ್ಲ. ಅದಕ್ಕೇ ನುಗ್ಗುತ್ತದೆ. ನಾವು ಅದನ್ನು ಪುಂಡು ಕರು ಅನ್ನುತ್ತೇವೆ.

ಕರುವಿನ ತೂಕ ಗೊತ್ತಾದರೆ ಲೆಕ್ಕ ಸುಲಭ. ಟೈಲರ್ ಟೇಪ್ ತೆಗೆದುಕೊಳ್ಳಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ಬರೆದುಕೊಳ್ಳಿ. ಭುಜದ ಮುಂಭಾಗದಿಂದ ಬಾಲದ ಬುಡದ ಪಕ್ಕ ಹೊರಗೆ ಚಾಚಿರುವ ಎಲುಬಿನವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 28 ಇಂಚು, ಉದ್ದ 25 ಇಂಚು ಇದ್ದರೆ ಕರು ಸುಮಾರು 30 ಕೆಜಿ.

ತೂಕದ ಹತ್ತನೇ ಒಂದು ಪಾಲು ಹಾಲು ಅನ್ನುವುದು ಹಳೆಯ ಲೆಕ್ಕ. ಅಂದರೆ 30 ಕೆಜಿ ಕರುವಿಗೆ ದಿನಕ್ಕೆ 3 ಲೀಟರ್. ಅದು ಜೀವ ಹಿಡಿಯುವಷ್ಟು ಮಾತ್ರ. ನಾನು ಮೊದಲ ತಿಂಗಳು 4ರಿಂದ 5 ಲೀಟರ್ ಕೊಡುತ್ತೇನೆ, ದಿನಕ್ಕೆ ಮೂರು ಸಲ ಮಾಡಿ. ತಾಯಿಯ ಹತ್ತಿರ ಬಿಟ್ಟ ಕರು ಇದಕ್ಕಿಂತ ಜಾಸ್ತಿಯೇ ಕುಡಿಯುತ್ತದೆ. ಇವತ್ತು 3 ಇದ್ದದ್ದನ್ನು ನಾಳೆ 5 ಮಾಡಬೇಡಿ. ದಿನಕ್ಕೆ ಅರ್ಧ ಲೀಟರಿನಂತೆ ಏರಿಸಿ, ಸಗಣಿ ನೋಡುತ್ತಾ ಹೋಗಿ.

ಹಾಲು ಮೈಬಿಸಿ ಇರಬೇಕು, 38–39 ಡಿಗ್ರಿ ಸೆಲ್ಸಿಯಸ್. ಮುಂಗೈ ಒಳಭಾಗಕ್ಕೆ ತೊಟ್ಟು ಬಿಟ್ಟರೆ ಬೆಚ್ಚಗೆ ಅನಿಸಬೇಕು. ಹೊತ್ತೂ ಒಂದೇ ಇರಲಿ. ಒಂದು ದಿನ ಆರಕ್ಕೆ, ಇನ್ನೊಂದು ದಿನ ಒಂಬತ್ತಕ್ಕೆ ಕೊಟ್ಟರೆ ಕರು ಮಧ್ಯೆ ಬಂದವರನ್ನೆಲ್ಲ ಹಾಲು ತಂದವರು ಅಂದುಕೊಳ್ಳುತ್ತದೆ.

ನೀರು ಇಟ್ಟಿದ್ದೀರಾ? ಹಾಲು ಕುಡಿಯುವ ಕರುವಿಗೆ ನೀರು ಯಾಕೆ ಅನ್ನುವವರು ಇನ್ನೂ ಇದ್ದಾರೆ. ಮೊದಲ ವಾರದಿಂದಲೇ ಪಕ್ಕದಲ್ಲಿ ಶುದ್ಧ ನೀರು ಇರಬೇಕು. ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಶೀಟಿನ ಕೆಳಗೆ ಕಟ್ಟಿದ ಕರು ಮಧ್ಯಾಹ್ನ ಕೂಗಿದರೆ ಮೊದಲು ನೀರು ಇಡಿ. ಎರಡನೇ ವಾರದಿಂದ ತಿಂಡಿ ರೂಢಿ ಮಾಡಿ: ಜೋಳದ ನುಚ್ಚು, ಕಡಲೆಕಾಯಿ ಹಿಂಡಿ, ಬೂಸಾ, ಖನಿಜ ಮಿಶ್ರಣ, ಚೂರು ಉಪ್ಪು. ಕಬ್ಬಿನ ಸೋಗೆ ಎಳೆಗರುವಿಗೆ ಬೇಡ, ಅದರ ಹೊಟ್ಟೆ ಇನ್ನೂ ತಯಾರಾಗಿರುವುದಿಲ್ಲ. ದಿನಕ್ಕೆ ಒಂದು ಕೆಜಿ ತಿಂಡಿಯನ್ನು ಮೂರು ದಿನ ಸತತವಾಗಿ ತಿಂದರೆ ಹಾಲು ಬಿಡಿಸಲು ಶುರು ಮಾಡಬಹುದು. ನಮ್ಮಲ್ಲಿ ಇದು ಮೂರು ತಿಂಗಳ ಹತ್ತಿರ ಆಗುತ್ತದೆ. ಹಾಲನ್ನು ಹತ್ತು ದಿನ ತೆಗೆದುಕೊಂಡು ನಿಧಾನಕ್ಕೆ ಇಳಿಸಿ. ಒಂದೇ ದಿನ ನಿಲ್ಲಿಸಿದರೆ ನುಗ್ಗುವುದು ಎರಡರಷ್ಟಾಗುತ್ತದೆ.

ಹೊಟ್ಟೆ ತುಂಬಾ ಕೊಟ್ಟರೂ ಹಪಹಪಿಸುತ್ತಿದ್ದರೆ, ಮಣ್ಣು, ಗೋಡೆ, ಹಗ್ಗ, ಪ್ಲಾಸ್ಟಿಕ್ ನೆಕ್ಕುತ್ತಿದ್ದರೆ, ಹೊಟ್ಟೆ ಡೊಳ್ಳಾಗಿ ಕೂದಲು ಕೆದರಿದ್ದರೆ ಜಂತುಹುಳುವಿನ ಅನುಮಾನ ಬರಬೇಕು. ಎಮ್ಮೆ ಕರುವಿಗೆ ತಾಯಿಯ ಹಾಲಿನ ಮೂಲಕವೇ ಹುಳು ಬರುತ್ತದೆ. ಸ್ವಲ್ಪ ಸಗಣಿಯನ್ನು ಡಬ್ಬಿಯಲ್ಲಿ ಹಾಕಿ ಪಶು ಆಸ್ಪತ್ರೆಗೆ ಒಯ್ದರೆ ಪರೀಕ್ಷೆ ಮಾಡುತ್ತಾರೆ. ಸಾಮಾನ್ಯವಾಗಿ ಹತ್ತು ಹದಿನೈದು ದಿನಕ್ಕೆ ಮೊದಲ ಹುಳುಮದ್ದು, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಂದು ಸಲ ಕೊಡುತ್ತಾರೆ. ಯಾವ ಮದ್ದು, ಎಷ್ಟು ಅನ್ನುವುದನ್ನು ತೂಕ ನೋಡಿ ಡಾಕ್ಟರೇ ಹೇಳಲಿ. ಸಗಣಿಯಲ್ಲಿ ರಕ್ತ ಕಂಡರೆ ಕಾಯಬೇಡಿ.

ತಲೆಯನ್ನು ಮೈಗೆ ಉಜ್ಜುತ್ತದೆ

ಕೆಲವು ಸಲ ನಾವು ಗುಮ್ಮುವುದು ಅಂದುಕೊಳ್ಳುವುದು ಬರೀ ತುರಿಕೆ. ಕಿವಿ ಹಿಂದೆ, ಕತ್ತಿನ ಮಡಿಕೆಯಲ್ಲಿ ಹೇನು, ಉಣ್ಣೆ ಇವೆಯಾ ಕೂದಲು ಬಿಡಿಸಿ ನೋಡಿ. ಕಣ್ಣಿನ ಸುತ್ತ ದುಂಡಗೆ ಬೂದುಬಣ್ಣದ ಹಕ್ಕಳೆ ಕಟ್ಟಿದ್ದರೆ ಅದು ಹುಳುಕಡ್ಡಿ. ಅದು ನಮಗೂ ಮಕ್ಕಳಿಗೂ ಹತ್ತುತ್ತದೆ, ಹಾಗಾಗಿ ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಕೊಂಬು ಮೂಡುವ ಜಾಗ ಗಾಯವಾಗಿದೆಯಾ ಅದನ್ನೂ ನೋಡಿ. ಸೀಮೆ ಕರುವಿಗೆ ಕೊಂಬಿನ ಮೊಳಕೆ ಸುಡಿಸುವುದಾದರೆ ಮೊದಲ ತಿಂಗಳ ಒಳಗೆ, ಮರಗಟ್ಟಿಸುವ ಇಂಜೆಕ್ಷನ್ ಕೊಡಿಸಿ, ಡಾಕ್ಟರ ಕೈಯಲ್ಲೇ ಮಾಡಿಸಿ. ಹಳ್ಳಿಕಾರ್ ಕರುವಿಗೆ ಯಾರೂ ಮಾಡಿಸುವುದಿಲ್ಲ. ಅದರ ಅಂದವೇ ಕೊಂಬಿನಲ್ಲಿದೆ.

ಹೊಟ್ಟೆ ತುಂಬಿದೆ, ರೋಗವಿಲ್ಲ, ಆದರೂ ಅಟ್ಟಿಸಿಕೊಂಡು ಬಂದು ಗುಮ್ಮುತ್ತದೆ

ಗುಂಡ ಇದ್ದದ್ದು ಇಲ್ಲಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ದನಗಳು ಹಣೆಗೆ ಹಣೆ ಕೊಟ್ಟು ತಳ್ಳಾಡಿಯೇ ಯಾರು ದೊಡ್ಡವರು, ಯಾರು ಸಣ್ಣವರು ಎಂದು ತೀರ್ಮಾನ ಮಾಡಿಕೊಳ್ಳುವುದು. ಕರುವಿಗೂ ಅದೇ ಆಟ. ಜೊತೆಗೆ ಇನ್ನೊಂದು ಕರು ಇದ್ದರೆ ಅದರೊಂದಿಗೆ ಆಡುತ್ತದೆ. ದೊಡ್ಡ ಹಸುವಿನ ಹತ್ತಿರ ಅತಿಯಾಗಿ ಆಡಿದರೆ ಅದು ಒಮ್ಮೆ ಹಾಯ್ದು ದೂರ ಇಡುತ್ತದೆ. ಹೀಗೆ ಮಿತಿ ಕಲಿಯುತ್ತದೆ. ಒಂಟಿಯಾಗಿ, ಮನೆಯಂಗಳದಲ್ಲಿ, ಮನುಷ್ಯರ ನಡುವೆ ಬೆಳೆದ ಕರುವಿಗೆ ಹಿಂಡು ಅಂದರೆ ನಾವೇ. ಆಡುವುದೂ ನಮ್ಮ ಜೊತೆ, ದೊಡ್ಡವರು ಯಾರು ಎಂದು ಕೇಳುವುದೂ ನಮ್ಮನ್ನೇ. ಬೇರೆ ದನ ನಾವು ಹತ್ತಿರ ಹೋದರೆ ಎರಡು ಹೆಜ್ಜೆ ಸರಿಯುತ್ತದೆ. ಬಾಟಲಿ ಕರು ಸರಿಯುವುದಿಲ್ಲ. ಅದಕ್ಕೆ ನಮ್ಮ ಭಯವೇ ಇಲ್ಲ. ಅದಕ್ಕೇ ಬಾಟಲಿಯಲ್ಲಿ ಬೆಳೆದ ಹೋರಿ, ತಾಯಿಯ ಜೊತೆ ಬೆಳೆದ ಹೋರಿಗಿಂತ ಹೆಚ್ಚು ಅಪಾಯ.

ಮೊದಲು ಮನೆಯವರನ್ನೆಲ್ಲ ಕೂರಿಸಿ ಒಂದು ಮಾತು ಒಪ್ಪಿಸಿ: ಹಣೆ ಮುಟ್ಟಬಾರದು. ಕರುವಿನ ಹಣೆಗೆ ಕೈ ಇಟ್ಟು ಒತ್ತಿದರೆ ನಾವು ಮುದ್ದು ಮಾಡಿದೆವು ಅಂದುಕೊಳ್ಳುತ್ತೇವೆ, ಅದು ಪಂದ್ಯಕ್ಕೆ ಕರೆದರು ಅಂದುಕೊಳ್ಳುತ್ತದೆ. ಗುಂಡನ ವಿಷಯಕ್ಕೆ ನಮ್ಮ ಪಕ್ಕದ ಹೊಲದ ಅಜ್ಜ ಒಂದು ದಿನ ಹೇಳಿದ್ದರು, "ಹಣೆ ಮುಟ್ಬ್ಯಾಡ ಕಣವ್ವ, ಗಂಗೆದೊಗಲು ಕೆರಿ" ಅಂತ. ಅವತ್ತು ಆ ಮಾತಿನ ಬೆಲೆ ನನಗೆ ತಿಳಿಯಲಿಲ್ಲ. ಗಂಗೆದೊಗಲು ಅಂದರೆ ಕತ್ತಿನ ಕೆಳಗೆ ಜೋತಾಡುವ ತೊಗಲು. ಅಲ್ಲಿ, ಗದ್ದದ ಕೆಳಗೆ, ಬಾಲದ ಬುಡದಲ್ಲಿ ಕೆರೆದರೆ ಕರು ಕಣ್ಣು ಮುಚ್ಚಿ ನಿಲ್ಲುತ್ತದೆ. ಪ್ರೀತಿ ತೋರಿಸಲು ಅಷ್ಟು ಜಾಗ ಸಾಕು.

ಎರಡನೆಯದು, ಕೈಯಿಂದ ತಿನಿಸು ಕೊಡುವುದು ನಿಲ್ಲಿಸಿ. ಆಲೆಮನೆಯಿಂದ ಬರುವಾಗ ಬೆಲ್ಲದ ಚೂರು, ಬಾಳೆಹಣ್ಣಿನ ಸಿಪ್ಪೆ ಜೇಬಲ್ಲಿ ತಂದು ಕೊಡುವುದು ನಮ್ಮ ಕಡೆ ಎಲ್ಲರಿಗೂ ರೂಢಿ. ಆಮೇಲೆ ಕರು ಪ್ರತಿಯೊಬ್ಬರ ಜೇಬಿಗೂ ಮೂತಿ ಹಾಕುತ್ತದೆ, ಸಿಗದಿದ್ದರೆ ಗುಮ್ಮುತ್ತದೆ. ಕೊಡುವುದಿದ್ದರೆ ಗೋದಲಿಗೆ ಹಾಕಿ.

ಮೂರನೆಯದು, ಗುಮ್ಮಿದ ಕ್ಷಣದಲ್ಲಿ ಏನು ಮಾಡುತ್ತೀರಿ ಎನ್ನುವುದು. ಹಿಂದೆ ಸರಿದರೆ ಅದು ಗೆದ್ದಿತು. ಕೈಯಿಂದ ತಳ್ಳಿದರೆ ಆಟ ಮುಂದುವರಿಯಿತು. ತಲೆಗೆ ಹೊಡೆದರೆ ಕೆಲವು ಕರು ಹೆದರಿ ಹಾಲು ಕುಡಿಯುವುದನ್ನೇ ಬಿಡುತ್ತವೆ, ಕೆಲವು ಎದುರು ನಿಲ್ಲುತ್ತವೆ. ಎರಡೂ ಬೇಡ. ಕೊಟ್ಟಿಗೆಗೆ ಹೋಗುವಾಗ ಒಂದು ಮಾರುದ್ದದ ಕೋಲು ಅಥವಾ ಒಂದು ಹಲಗೆ ಕೈಯಲ್ಲಿರಲಿ. ಕರು ನಿಮ್ಮ ಹತ್ತಿರ ಬರುವ ಮೊದಲೇ ಅದನ್ನು ಅಡ್ಡ ಹಿಡಿಯಿರಿ. "ಹೇ, ನಿಲ್ಲು" ಎಂದು ಗಟ್ಟಿಯಾಗಿ ಒಂದೇ ಮಾತು ಹೇಳಿ. ನುಗ್ಗಿದರೆ ಭುಜಕ್ಕೆ ಕೋಲು ತಾಗಿಸಿ ಬದಿಗೆ ತಿರುಗಿಸಿ. ಅದು ಒಂದು ಹೆಜ್ಜೆ ಹಿಂದೆ ಇಟ್ಟ ತಕ್ಷಣ ನೀವೂ ಸಡಿಲವಾಗಿ. ಬಾಟಲಿ ಹಿಡಿದಿದ್ದಾಗ ಗುಮ್ಮಿದರೆ ಬಾಟಲಿ ಬೆನ್ನ ಹಿಂದೆ ಹೋಗಲಿ, ಸುಮ್ನೆ ನಿಂತಾಗ ಮತ್ತೆ ಸಿಗಲಿ. ಹತ್ತು ಎಣಿಸುವಷ್ಟು ಹೊತ್ತು ಸಾಕು. ಮನೆಯ ಎಲ್ಲರೂ ಇದನ್ನೇ ಮಾಡಬೇಕು. ಒಬ್ಬರು ನಿಲ್ಲಿಸಿ, ಇನ್ನೊಬ್ಬರು ಮುದ್ದು ಮಾಡಿ ಗುಮ್ಮಿಸಿಕೊಂಡರೆ ಏನೂ ನಾಟುವುದಿಲ್ಲ. ನಮ್ಮನೆಯವರಿಗೆ ಇದನ್ನು ಒಪ್ಪಿಸಲು ನನಗೆ ಒಂದು ತಿಂಗಳು ಬೇಕಾಯಿತು. ಕರು ಎರಡು ವಾರದಲ್ಲಿ ಕಲಿತಿತು.

ನಾಲ್ಕನೆಯದನ್ನು ನಾನು ಎಲ್ಲಕ್ಕಿಂತ ಹೆಚ್ಚು ನಂಬುತ್ತೇನೆ. ಕರುವಿಗೆ ದನದ ಜೊತೆ ಕೊಡಿ. ಅದೇ ವಯಸ್ಸಿನ ಇನ್ನೊಂದು ಕರು ಆಗಬಹುದು. ಅದಕ್ಕಿಂತ ಒಳ್ಳೆಯದು ಗಂಭೀರವಾದ ಒಂದು ಮುದಿ ಹಸು. ನಮ್ಮ ಮನೆಯಲ್ಲಿ ಹಾಲು ನಿಲ್ಲಿಸಿದ ಒಂದು ಹಳ್ಳಿಕಾರ್ ಹಸು ಇತ್ತು. ಅದನ್ನು ಮಾರಬೇಕು ಅಂತ ಎಲ್ಲರೂ ಹೇಳುತ್ತಿದ್ದರು. ಎರಡನೇ ಬಾಟಲಿ ಕರು ಗೌರಿಯನ್ನು ಒಂದೂವರೆ ತಿಂಗಳಿಗೆ ಅದರ ಪಕ್ಕ ಬಿಟ್ಟೆ. ಮೊದಲ ಮೂರು ದಿನ ನಾನು ಪಕ್ಕದಲ್ಲೇ ಕೂತು ಕಾವಲು ಕಾದೆ, ಎಳೆಗರುವಿಗೆ ಪೆಟ್ಟಾಗಬಾರದಲ್ಲ. ಗೌರಿ ಗುಮ್ಮಲು ಹೋದಳು. ಹಸು ಕತ್ತು ತಿರುಗಿಸಿ ಕೊಂಬು ತೋರಿಸಿತು, ಅಷ್ಟೇ. ವಾರ ಕಳೆಯುವಷ್ಟರಲ್ಲಿ ಅವಳು ಹಸುವಿನ ನೆರಳಲ್ಲಿ ಮಲಗುತ್ತಿದ್ದಳು, ನಾನು ಹೋದರೆ ಎದ್ದು ದಾರಿ ಬಿಡುತ್ತಿದ್ದಳು. ನಾನು ಅಷ್ಟು ದಿನ ಕೋಲು ಹಿಡಿದು ಹೇಳಿಕೊಟ್ಟದ್ದಕ್ಕಿಂತ ಜಾಸ್ತಿ ಆ ಹಸು ಕಲಿಸಿತು. ಅದನ್ನು ನಾವು ಮಾರಲಿಲ್ಲ.

ಹಗ್ಗದ ಅಭ್ಯಾಸವನ್ನೂ ಬೇಗ ಶುರು ಮಾಡಿ. ಒಂದು ತಿಂಗಳ ಕರುವಿನ ಮುಖಕ್ಕೆ ಹಗ್ಗ ಹಾಕಿ ದಿನಾ ಹತ್ತು ನಿಮಿಷ ಗೂಟಕ್ಕೆ ಕಟ್ಟಿ, ಆಮೇಲೆ ನಡೆಸಿ. ಮುಂದೆ ಎಳೆದರೆ ನೀವು ನಿಂತುಬಿಡಿ. ಹಗ್ಗವನ್ನು ಎಂದೂ ಕೈಗೆ ಸುತ್ತಿಕೊಳ್ಳಬೇಡಿ. ಕರು ಓಡಿದರೆ ಬೆರಳು ಹೋಗುತ್ತದೆ. ಮೂಗುದಾರ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ಕಾಯುವವರಿದ್ದಾರೆ. ಮೂಗುದಾರ ಹಿಡಿತ ಕೊಡುತ್ತದೆ, ಹಗ್ಗ ಬಿಟ್ಟ ಹೊತ್ತಿನ ನಡತೆಯನ್ನು ಕಲಿಸುವುದಿಲ್ಲ.

ಇನ್ನೊಬ್ಬರ ಮೇಲೆ ಹತ್ತುತ್ತದೆ, ಕೆರೆಯುತ್ತದೆ, ಅಡ್ಡ ನಿಲ್ಲುತ್ತದೆ

ಎರಡು ಮೂರು ತಿಂಗಳ ಕರು ಒಂದರ ಮೇಲೊಂದು ಹತ್ತುವುದು ಆಟ. ಹೆಣ್ಣು ಕರುವೂ ಹತ್ತುತ್ತದೆ. ಮನುಷ್ಯರ ಬೆನ್ನಿಗೆ ಕಾಲು ಹಾಕುವುದನ್ನು ಮಾತ್ರ ಒಂದೇ ಒಂದು ಸಲವೂ ಬಿಡಬೇಡಿ.

ಗಂಡು ಕರುವಿಗೆ ಎಂಟು ತಿಂಗಳ ಆಚೆಗೆ ಹೋರಿತನ ಬರುತ್ತದೆ. ಆಗಿನ ಗುರುತುಗಳೇ ಬೇರೆ. ಗುಮ್ಮುವ ಮೊದಲು ದೇಹ ಅಡ್ಡ ತಿರುಗಿಸಿ ನಿಲ್ಲುತ್ತದೆ, ತಾನೆಷ್ಟು ದೊಡ್ಡವನು ಎಂದು ತೋರಿಸುವ ಹಾಗೆ. ಬೆನ್ನು ಕಮಾನಾಗುತ್ತದೆ. ತಲೆ ತಗ್ಗುತ್ತದೆ, ಕಣ್ಣು ಉಬ್ಬುತ್ತದೆ. ಮುಂಗಾಲಲ್ಲಿ ಮಣ್ಣು ಕೆರೆಯುತ್ತದೆ, ಗುಟುರು ಹಾಕುತ್ತದೆ. ಇದು ಆಟವಲ್ಲ. ಇದನ್ನು ಕಂಡರೆ ಕೋಲಿನ ಪಾಠ ಅಲ್ಲಿಗೆ ಬಿಟ್ಟು ಹೊರಗೆ ಬನ್ನಿ. ಓಡಬೇಡಿ, ಬೆನ್ನು ಹಾಕಬೇಡಿ. ಮುಖ ಅದರ ಕಡೆಗೇ ಇಟ್ಟು, ಓರೆಯಾಗಿ, ನಿಧಾನಕ್ಕೆ ಬಾಗಿಲ ಕಡೆ ಸರಿಯಿರಿ. ಮೂಲೆಗೆ ಸೇರಬೇಡಿ. ಕೊಟ್ಟಿಗೆಯಲ್ಲಿ ಮನುಷ್ಯ ನುಸುಳಿ ಆಚೆ ಹೋಗುವಷ್ಟು ಸಂದಿ ಒಂದು ಕಡೆ ಇರಲೇಬೇಕು. ನಮ್ಮ ಕೊಟ್ಟಿಗೆಯಲ್ಲಿ ಅದು ಇರಲಿಲ್ಲ. ಇದ್ದಿದ್ದರೆ ಅತ್ತೆ ತಪ್ಪಿಸಿಕೊಳ್ಳುತ್ತಿದ್ದರು.

ಇಂಥ ಹೋರಿಯನ್ನು ಮನೆಯಲ್ಲೇ ಪಳಗಿಸುತ್ತೇನೆ ಎಂದು ಹೊರಡಬೇಡಿ. ಉಳುಮೆಗೆ, ಗಾಡಿಗೆ ಬೇಕಿದ್ದರೆ ಬೀಜ ಒಡೆಸುವುದನ್ನು ಈ ವಯಸ್ಸಿಗೆ ಮೊದಲೇ ಡಾಕ್ಟರ ಹತ್ತಿರ ಮಾತಾಡಿ ಮಾಡಿಸಿ. ಹಳೆಯ ಕಲ್ಲು ಕಟ್ಟಿಗೆಯ ಪದ್ಧತಿ ಖಂಡಿತ ಬೇಡ. ಒಡೆಸಿದರೆ ಹೋರಿಯ ರೋಷ ಇಳಿಯುತ್ತದೆ, ಗುಮ್ಮುವ ಚಟ ತಾನಾಗಿ ಹೋಗುವುದಿಲ್ಲ, ಮೇಲೆ ಹೇಳಿದ ಪಾಠ ಆಗಲೂ ಬೇಕು. ಸಾಕಲಾಗದಿದ್ದರೆ ದನ ಕಟ್ಟಿ ಅನುಭವ ಇರುವವರಿಗೆ, ಇಲ್ಲವೇ ಗೋಶಾಲೆಗೆ ಒಪ್ಪಿಸಿ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಪಿಂಜರಾಪೋಲ್ ಇದೆ. ಒಪ್ಪಿಸುವಾಗ ಇದು ಗುಮ್ಮುತ್ತದೆ ಎಂದು ಬಾಯಿಬಿಟ್ಟು ಹೇಳಿ. ಮುಚ್ಚಿಟ್ಟರೆ ಪೆಟ್ಟು ತಿನ್ನುವುದು ಇನ್ಯಾರದೋ ಮನೆಯ ಮುದುಕಿ.

ಸಂಕ್ರಾಂತಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬಾಟಲಿಯಲ್ಲಿ ಬೆಳೆದ ಹೋರಿಕರುವನ್ನು ಕಿಚ್ಚು ಹಾಯಿಸಲು ಕರೆದೊಯ್ಯಬೇಡಿ. ಬೇರೆ ದನ ಬೆಂಕಿ, ಗಲಾಟೆ ಕಂಡು ಜನ ಇಲ್ಲದ ಕಡೆ ಓಡುತ್ತವೆ. ಇದು ಹೆದರಿದಾಗ ಜನರ ಕಡೆಗೇ ಓಡಿ ಬರುತ್ತದೆ.

ಸ್ವಭಾವ ಇದ್ದಕ್ಕಿದ್ದಂತೆ ಬದಲಾದರೆ

ಕಲಿತ ಚಟ ನಿಧಾನಕ್ಕೆ ಬೆಳೆಯುತ್ತದೆ. ಒಂದೆರಡು ದಿನದಲ್ಲಿ ಬಂದ ಬದಲಾವಣೆ ರೋಗ ಇರಬಹುದು.

ಗೋಡೆಗೆ ಹಣೆ ಒತ್ತಿ ಹಾಗೇ ನಿಂತಿದೆಯಾ? ಕಣ್ಣು ಕಾಣದ ಹಾಗೆ ಎಡವುತ್ತಿದೆಯಾ? ಸುತ್ತು ತಿರುಗುತ್ತಿದೆಯಾ, ನಡುಗುತ್ತಿದೆಯಾ? ಇದು ಗುಮ್ಮುವುದಲ್ಲ, ಮಿದುಳಿನ ತೊಂದರೆ. ಹಳೆಯ ಬ್ಯಾಟರಿ, ಹಳೆಯ ಪೇಂಟ್ ನೆಕ್ಕಿ ಸೀಸದ ವಿಷ ಏರಿದರೂ ಹೀಗಾಗುತ್ತದೆ, ಬಿ1 ಜೀವಸತ್ವದ ಕೊರತೆಗೂ ಹೀಗಾಗುತ್ತದೆ. ಬೇಗ ಚಿಕಿತ್ಸೆ ಸಿಕ್ಕರೆ ಉಳಿಯುವ ಅವಕಾಶ ಇದೆ. ಪಂಪ್‌ಸೆಟ್ ಮನೆ ಹತ್ತಿರ ಕರು ಕಟ್ಟುವವರು ಹಳೆಯ ಬ್ಯಾಟರಿ ಬಿದ್ದಿದೆಯಾ ಇವತ್ತೇ ನೋಡಿಕೊಳ್ಳಿ.

ಇನ್ನೊಂದು ಹುಚ್ಚುನಾಯಿ ರೋಗ. ಗಂಟಲು ಒಡೆದ ದನಿಯಲ್ಲಿ ಮತ್ತೆ ಮತ್ತೆ ಕೂಗುತ್ತದೆ. ಜೊಲ್ಲು ಸುರಿಯುತ್ತದೆ, ನುಂಗಲಾಗುವುದಿಲ್ಲ. ಹಿಂಗಾಲು ಎಳೆಯುತ್ತದೆ. ಕಂಡದ್ದಕ್ಕೆಲ್ಲ ಹಾಯುತ್ತದೆ, ಕೆಲವು ಸಲ ಬರೀ ಮಂಕಾಗಿರುತ್ತದೆ. ನಾಯಿ ಕಚ್ಚಿ ತಿಂಗಳುಗಳೇ ಕಳೆದಿರಬಹುದು, ಗಾಯ ಮಾಯ್ದಿರಬಹುದು. ಬಾಟಲಿ ಹಿಡಿಯುವವರು ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಬಾಯಿಗೆ ಕೈ ಹಾಕುವುದು ಇಲ್ಲೇ. ಹಾಕಬೇಡಿ. ದೂರ ಕಟ್ಟಿ, ಮಕ್ಕಳನ್ನು, ನಾಯಿಗಳನ್ನು ಹತ್ತಿರ ಬಿಡಬೇಡಿ. ಜೊಲ್ಲು ನಿಮ್ಮ ಗಾಯಕ್ಕೆ, ಕಣ್ಣಿಗೆ, ಬಾಯಿಗೆ ತಾಗಿದ್ದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆಯಿರಿ, ಕಣ್ಣು ಬಾಯಿಯನ್ನು ಬರೀ ನೀರಲ್ಲಿ ಚೆನ್ನಾಗಿ ತೊಳೆಯಿರಿ, ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ರೋಗ ಕಾಣಿಸಿಕೊಂಡ ಮೇಲೆ ದನಕ್ಕೂ ಮದ್ದಿಲ್ಲ, ಮನುಷ್ಯರಿಗೂ ಮದ್ದಿಲ್ಲ. ನಾಯಿ ಕಚ್ಚಿದ್ದನ್ನು ನೀವು ಕಣ್ಣಾರೆ ಕಂಡಿದ್ದರೆ, ಲಕ್ಷಣ ಬರುವವರೆಗೆ ಕಾಯದೆ, ಕೈಗವಸು ಹಾಕಿ ಗಾಯ ತೊಳೆದು, ಅದೇ ದಿನ ಕರುವಿಗೆ ಲಸಿಕೆ ಶುರು ಮಾಡಿಸಿ.

ಪಶು ಆಸ್ಪತ್ರೆ ದೂರ ಇದ್ದರೆ 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ಗಾಡಿಯನ್ನು ಕೇಳಿ. ಫೋನ್ ಮಾಡುವ ಮೊದಲು ಇಷ್ಟು ಬರೆದಿಟ್ಟುಕೊಳ್ಳಿ: ಕರುವಿನ ವಯಸ್ಸು, ಗಂಡೋ ಹೆಣ್ಣೋ, ದಿನಕ್ಕೆ ಎಷ್ಟು ಹಾಲು, ಹುಳುಮದ್ದು ಯಾವಾಗ ಕೊಟ್ಟದ್ದು, ಸಗಣಿ ಹೇಗಿದೆ, ಎಂದಿನಿಂದ ಹೀಗೆ, ನಾಯಿ ಕಚ್ಚಿದ್ದು ಉಂಟೇ. ಥರ್ಮಾಮೀಟರ್ ಇದ್ದು, ಕರು ಹತ್ತಿರ ಹೋಗಲು ಬಿಡುವಂತಿದ್ದರೆ ಜ್ವರ ನೋಡಿ. 103 ಫ್ಯಾರನ್‌ಹೀಟ್ ದಾಟಿದ್ದರೆ ಅದನ್ನೂ ಹೇಳಿ. ಕರು ಗುಮ್ಮುವುದನ್ನು ಬೇಲಿಯ ಆಚೆ ನಿಂತು ಅರ್ಧ ನಿಮಿಷ ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಡಾಕ್ಟರು ಬಂದ ಹೊತ್ತಿಗೆ ಕರು ಸುಮ್ನೆ ಮಲಗಿರುವುದೇ ಹೆಚ್ಚು.